ನಾನು ನೂಲು ತೆಗೆದ ಕಂಬಳಿ

ಆರು ವರ್ಷದಿಂದ ನಮ್ಮ ಮನೆಯಲ್ಲಿ ನಾನು ಕೂರುವುದು ಗೊಬ್ಬರದ ಚೀಲದ ಮೇಲೆ. ಕಂಬಳಿಯನ್ನು ನಾನು ಮುಟ್ಟಬಹುದು, ಕೊಡವಬಹುದು, ಹರಿದರೆ ಹೊಲಿಯಬಹುದು. ಕೂರುವಂತಿಲ್ಲ. ಆ ಕಂಬಳಿಯ ಉಣ್ಣೆ ಹಿಂಜಿ, ರಾಟೆಗೆ ಕೂತು ನೂಲು ತೆಗೆದವಳು ಯಾರು? ನಾನೇ, ಈ ಪುಟ್ಟಕ್ಕನೇ.

ಕೆಮ್ಮಿದರೆ, ಸೀನಿದರೆ, ನೀರಿನ ಕೊಡ ಎತ್ತಿದರೆ, ಜೋರಾಗಿ ನಕ್ಕರೆ ನನಗೆ ಉಚ್ಚೆ ಜಾರುತ್ತದೆ. ಹೇಳಲು ನಾಚಿಕೆಯಿಲ್ಲವೇ ಎಂದರೆ, ಇತ್ತು. ಅದನ್ನು ಸುಟ್ಟು ಹಾಕಿದ್ದೇನೆ. ಮಗಳು ಚೈತ್ರಾ ಹುಟ್ಟುವಾಗ ಎರಡು ದಿನ ನೋವು ತಿಂದೆ. ಒಂಬತ್ತನೇ ದಿನಕ್ಕೆ ಎರಡು ಕೊಡ ಹೊತ್ತು ನಡೆದೆ. ಅಂದು ಶುರುವಾದದ್ದು ವರ್ಷದಿಂದ ವರ್ಷಕ್ಕೆ ಹೆಚ್ಚಾಯಿತು.

ನಮ್ಮ ಕುರಿಯವರ ಮನೆಗಳಲ್ಲಿ ಕಂಬಳಿಯೆಂದರೆ ದೇವರು. ಮಡಿಚಿ ಹಾಸಿ, ಅಕ್ಕಿ ಇಟ್ಟು ಪೂಜೆ ಮಾಡಿದರೆ ಅದು ಗದ್ದಿಗೆ. ಆರು ವರ್ಷದ ಹಿಂದೆ ನಾದಿನಿ ಹುಚ್ಚಕ್ಕನ ಹೊಸ ಮನೆ ಪೂಜೆಯಲ್ಲಿ ನಾನು ಅಂಥ ಗದ್ದಿಗೆಯ ಮೇಲೆ ಕೂತು ಸೀನಿದೆ. ಅಷ್ಟೇ. ಅತ್ತೆ ಏಕನಾಥಮ್ಮ ನೆಂಟರ ಮುಂದೆಯೇ ಬಾಯಿಗೆ ಬಂದಂತೆ ಬೈದರು. "ದೇವರ ಕಂಬಳಿ ಮೈಲಿಗೆ ಮಾಡಿದ್ಯಲ್ಲೇ ಮಾರಿ!" ಮನೆಗೆ ಬಂದ ಮೇಲೆ ಮೂಲೆಯಲ್ಲಿದ್ದ ಗೊಬ್ಬರದ ಚೀಲವನ್ನು ನನ್ನ ಕಡೆ ಎಸೆದರು.

ಈ ವರ್ಷ ಚೈತ್ರಾಳ ಮದುವೆ ಗೊತ್ತಾಯಿತು. ಹುಡುಗ ಹೊಳಲ್ಕೆರೆಯವನು. ಮದುವೆ ನಾಲ್ಕು ತಿಂಗಳಿಗೆ, ಇಲ್ಲೇ ಹಿರೇಗುಂಟನೂರಿನಲ್ಲಿ, ನಮ್ಮ ಮನೆ ಮುಂದಿನ ಚಪ್ಪರದಲ್ಲಿ. ಹುಡುಗನ ಕಡೆಯವರು ಎದ್ದು ಹೋಗುವುದೇ ತಡ, ಅತ್ತೆ ಹೇಳಿದರು: "ಧಾರೆ ಹುಚ್ಚಕ್ಕನೂ ಅವಳ ಗಂಡನೂ ಎರೀತಾರೆ."

"ಯಾಕೆ? ಹೆತ್ತವಳು ಸತ್ತಿದೀನಾ?" ಎಂದೆ.

"ಗದ್ದಿಗೆ ಮೇಲೆ ಗಂಟೆಗಟ್ಲೆ ಕೂರಬೇಕು. ನಿನ್ ಕೈಲಿ ಆಗ್ತೈತಾ?"

ನನ್ನ ಗಂಡ ನಾಗಭೂಷಣ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಅವ್ವ ಹೇಳೋದು ಸರಿ ಐತೆ ಬಿಡು. ಅಷ್ಟು ಜನದ ಮುಂದೆ ಮಾನ ಹೋಗೋದು ಬ್ಯಾಡ" ಎಂದ. ಯಾರ ಮಾನವಪ್ಪಾ? ಎರಡು ದಿನ ನೋವು ತಿಂದಾಗ ಇವನ ಮಾನ ಎಲ್ಲಿ ಮೇಯಲು ಹೋಗಿತ್ತು? ನನ್ನ ಮಗಳ ಧಾರೆ ನಾನೇ ಎರೆಯುತ್ತೇನೆ, ಯಾರು ಅಡ್ಡ ಬರುತ್ತಾರೋ ನೋಡುತ್ತೇನೆ ಎಂದು ಅಂದೇ ಹಲ್ಲು ಕಚ್ಚಿದೆ.

ಪಕ್ಕದ ಮನೆಯ ಬರಗೇರಮ್ಮ ಯೋಗದ ಸುದ್ದಿ ತಂದಳು. ದುರ್ಗದಿಂದ ಕಾವ್ಯಶ್ರೀ ಎಂಬ ಮೇಡಂ ವಾರಕ್ಕೆ ಮೂರು ದಿನ ಊರಿನ ಸಮುದಾಯ ಭವನಕ್ಕೆ ಬರುತ್ತಾರೆ, ಹೆಂಗಸರ ತೊಂದರೆಗೆಲ್ಲ ಯೋಗ ಹೇಳಿಕೊಡುತ್ತಾರೆ ಎಂದಳು. ಹೋದೆವು. ಹದಿನಾಲ್ಕು ಹೆಂಗಸರು ಸೇರಿದ್ದರು. ಮೇಡಂ ಪುಸ್ತಕ ಹಿಡಿದು ಒಬ್ಬೊಬ್ಬರ ತೊಂದರೆ ಕೇಳಿದರು. ಮೊದಲನೆಯವಳು ಮಂಡಿ ನೋವು ಎಂದಳು. ಎರಡನೆಯವಳೂ ಮಂಡಿ ನೋವು. ನನ್ನ ಸರದಿ ಬಂದಾಗ ನಾನು, ಈ ದೊಡ್ಡ ಬಾಯಿಯವಳು, ಏನು ಹೇಳಿದೆ? ಮಂಡಿ ನೋವು! ಹದಿನಾಲ್ಕಕ್ಕೆ ಹದಿನಾಲ್ಕೂ ಮಂಡಿ.

ಪಾಪ, ಆ ಹುಡುಗಿ ಮೂರು ವಾರ ನಮ್ಮ ಮಂಡಿಗೇ ವ್ಯಾಯಾಮ ಮಾಡಿಸಿದಳು. ನಾಲ್ಕನೇ ವಾರ ಎಲ್ಲರೂ ಒಟ್ಟಿಗೆ ಎದ್ದು ಕೂರುತ್ತಿದ್ದಾಗ ಬರಗೇರಮ್ಮ ಸೀರೆ ಹಿಡಿದುಕೊಂಡು ಹೊರಗೆ ಓಡಿದಳು. "ಯಾಕಮ್ಮ, ಮಂಡಿ ನೋವು ಜಾಸ್ತಿ ಆಯ್ತಾ?" ಎಂದು ಮೇಡಂ ಕೂಗಿದರು. ನನಗೆ ತಡೆಯಲಾಗಲಿಲ್ಲ.

"ಮಂಡೀನೂ ಇಲ್ಲ, ಮಣ್ಣೂ ಇಲ್ಲ ಮೇಡಂ! ಉಚ್ಚೆ ನಿಲ್ಲಲ್ಲ ನಮಗೆ, ಉಚ್ಚೆ!"

ಒಬ್ಬಳು "ಥೂ, ಏನೇ ಇದು" ಎಂದಳು. ನಾನು ಅವಳ ಕಡೆಗೇ ತಿರುಗಿದೆ. "ಥೂ ಅನ್ನಬ್ಯಾಡ. ಜಮಖಾನದ ಮೇಲೆ ಪ್ಲಾಸ್ಟಿಕ್ ಯಾಕೆ ಹಾಸ್ಕಂಡು ಕುಂತಿದೀಯ ಹೇಳು!" ಆಗ ಎಲ್ಲರೂ ತಂತಮ್ಮ ಕೆಳಗೆ ನೋಡಿಕೊಂಡರು. ಒಬ್ಬಳದು ಸಿಮೆಂಟ್ ಚೀಲ, ಒಬ್ಬಳದು ಹಳೇ ಫ್ಲೆಕ್ಸ್ ಬ್ಯಾನರ್, ಇನ್ನೊಬ್ಬಳದು ಅಂಗಡಿಯ ಕವರು. ಹದಿನಾಲ್ಕರಲ್ಲಿ ಹನ್ನೊಂದು ಮಂದಿ ಕೈ ಎತ್ತಿದೆವು.

ಕಾವ್ಯಶ್ರೀ ಮೇಡಂ ಮುಖ ಕಿವುಚಲಿಲ್ಲ. ಪುಸ್ತಕದಲ್ಲಿದ್ದ ಮಂಡಿಗಳನ್ನೆಲ್ಲ ಹೊಡೆದು ಹಾಕಿ, "ಇದನ್ನ ಮೊದಲೇ ಹೇಳಬಾರದಿತ್ತಾ ಅಮ್ಮ?" ಎಂದರು. ಮೊದಲು ಡಾಕ್ಟರಿಗೆ ತೋರಿಸಿ ಮೂತ್ರದ ಪರೀಕ್ಷೆ ಮಾಡಿಸಲು ಕಳಿಸಿದರು. ಆಮೇಲೆ ಮೂಲಬಂಧ ಹೇಳಿಕೊಟ್ಟರು. "ಉಚ್ಚೆ ತಡೆಯೋ ಹಂಗೆ ಒಳಗಡೆ ಎಳ್ಕಳ್ರಿ. ಹೊಟ್ಟೆ ಬಿಗೀಬ್ಯಾಡ್ರಿ, ಉಸಿರು ಕಟ್ಟಬ್ಯಾಡ್ರಿ. ಐದು ಎಣಿಸಿ ನಿಧಾನಕ್ಕೆ ಬಿಡ್ರಿ." ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧ ಮಾಡಿಸಿದರು. "ಎಲ್ಲರಿಗೂ ಪೂರ್ತಿ ಹೋಗ್ತೈತೆ ಅಂತ ಸುಳ್ಳು ಹೇಳಲ್ಲ. ಮೂರು ತಿಂಗಳು ಬಿಡದೆ ಮಾಡ್ರಿ, ಕಮ್ಮಿ ಆಗ್ತೈತೆ" ಎಂದರು.

ಅದನ್ನು ಕೇಳಿ ನನಗೆ ಸಮಾಧಾನ ಆಗಲಿಲ್ಲ, ಮೈಯೆಲ್ಲ ಉರಿಯಿತು. ಇಷ್ಟೇನಾ? ಕೂತಲ್ಲೇ ಮಾಡುವ ಇದನ್ನು ಚೈತ್ರಾ ಹುಟ್ಟಿದ ಈ ಇಪ್ಪತ್ತಮೂರು ವರ್ಷದಲ್ಲಿ ಒಬ್ಬರಾದರೂ ನನಗೆ ಹೇಳಲಿಲ್ಲವಲ್ಲ! ಗೊಬ್ಬರದ ಚೀಲ ಕೊಡಲು ಮಾತ್ರ ಎಲ್ಲರಿಗೂ ಗೊತ್ತಿತ್ತು.

ರಾಟೆಗೆ ಕೂತಾಗ ಎಳೆದೆ, ರೊಟ್ಟಿ ಬಡಿಯುವಾಗ ಎಳೆದೆ, ಅತ್ತೆ ಬೈಯುವಾಗಲೂ ಒಳಗೊಳಗೇ ಐದು ಎಣಿಸಿದೆ. ದಿನಕ್ಕೆ ಆರು ಬಟ್ಟೆ ಬದಲಿಸುತ್ತಿದ್ದವಳು ಮೂರಕ್ಕೆ ಬಂದೆ. ಮೂರು ತಿಂಗಳಾಗುವ ಹೊತ್ತಿಗೆ ಒಂದಕ್ಕೆ ಇಳಿದೆ. ಒಂದು ದಿನ ತುಂಬಿದ ಕೊಡ ಎತ್ತಿದಾಗ ಒಂದು ಹನಿಯೂ ಜಾರಲಿಲ್ಲ. ಅಂದು ಬೋರಿನ ಹತ್ತಿರ ಒಬ್ಬಳೇ ನಿಂತು ಅತ್ತುಬಿಟ್ಟೆ. ಖುಷಿಯಿಂದ ಮನೆಗೆ ಬಂದು ಹೇಳಿದರೆ ಅತ್ತೆ ಏನೆಂದರು ಗೊತ್ತೇ?

"ಆ ಒಂದು ಬಟ್ಟೆ ಇನ್ನೂ ಐತಲ್ಲ."

ಮದುವೆಯ ದಿನ ಹುಚ್ಚಕ್ಕ ರೇಷ್ಮೆ ಸೀರೆ ಉಟ್ಟು ಸಿದ್ಧಳಾಗಿದ್ದಳು. ಚಪ್ಪರದಲ್ಲಿ ಗದ್ದಿಗೆ ಹಾಸಿದರು. ಹಿರಿಯರೆಂದು ಮೊದಲು ಮಾವ ತಿಮ್ಮರಾಯಪ್ಪನವರನ್ನು ಅದರ ಮೇಲೆ ಕೂರಿಸಿ ಪೂಜೆ ಮಾಡಿಸಿದರು. ಮಾವನಿಗೆ ಹೋದ ವರ್ಷ ಪ್ರಾಸ್ಟೇಟ್ ಆಪರೇಷನ್ ಆಗಿದೆ. ಪೂಜೆ ಮುಗಿಸಿ ಅವರು ಎದ್ದಾಗ ಪಂಚೆಯೂ ಒದ್ದೆ, ಕಂಬಳಿಯೂ ಒದ್ದೆ. ಮುಂದೆ ಕೂತವರೆಲ್ಲ ನೋಡಿದರು.

"ಅಯ್ಯೋ ಪಾಪ, ವಯಸ್ಸಾತು" ಎಂದರು ಅತ್ತೆ. ಅಷ್ಟೇ! ಯಾರೋ ಓಡಿ ಹೋಗಿ ಬೇರೆ ಪಂಚೆ ತಂದರು. ನನ್ನ ಗಂಡ ಆ ಕಂಬಳಿಯನ್ನು ಸುತ್ತಿಟ್ಟು ಇನ್ನೊಂದು ತಂದು ಹಾಸಿದ. ಮತ್ತೆ ಅಕ್ಕಿ ಇಟ್ಟರು. ಮೈಲಿಗೆ ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಮಾವ ತಲೆ ತಗ್ಗಿಸಿ ನಿಂತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆ ಸಂಕಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹುಚ್ಚಕ್ಕ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ನಾನು ಹೋಗಿ ಗದ್ದಿಗೆಯ ಮೇಲೆ ಕೂತೆ.

"ಲೇ ಪುಟ್ಟಕ್ಕ, ಏಳೇ ಮೇಲೆ!" ಎಂದರು ಅತ್ತೆ.

"ಏಳಲ್ಲ. ಮಾವಂಗೆ ಇನ್ನೊಂದು ಕಂಬಳಿ, ನನಗೆ ಗೊಬ್ಬರದ ಚೀಲಾನಾ? ಅವರು ಕುಂತಾಗ ಆಗದಿರೋ ಮೈಲಿಗೆ ನಾನು ಕುಂತ್ರೆ ಹೆಂಗಾಗ್ತೈತೆ? ಹೇಳ್ರಿ ಅತ್ತೆ, ಜೋರಾಗಿ ಹೇಳ್ರಿ, ಬೀಗರಿಗೂ ಕೇಳಲಿ."

ಮದುಮಗಳು ಚೈತ್ರಾ ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಗಂಡನ ಕಡೆ ತಿರುಗಿದೆ. "ಬರ್ತೀರೋ, ಒಬ್ಬಳೇ ಎರೀಲೋ?"

ಬಂದು ಕೂತ. ಒಂದು ಗಂಟೆಯ ಮೇಲೆ ಕೂತಿದ್ದೆವು. ಧೂಪದ ಹೊಗೆ ಮೂಗಿಗೆ ಹೊಡೆದು ಎರಡು ಸಲ ಸೀನಿದೆ. ಮಗಳ ಕೈಮೇಲೆ ಹಾಲು ನಾನೇ ಎರೆದೆ. ಎದ್ದಾಗ ಅತ್ತೆ ಮದುಮಕ್ಕಳನ್ನು ನೋಡಲಿಲ್ಲ, ನನ್ನ ಸೀರೆಯ ಹಿಂಭಾಗವನ್ನೂ ಕಂಬಳಿಯನ್ನೂ ನೋಡಿದರು.

ಮಾರನೆಯ ದಿನ ಬರಗೇರಮ್ಮ ಕೂಡ ಕಿವಿಯ ಹತ್ತಿರ ಬಂದು ಕೇಳಿದಳು, "ನಿಜ ಹೇಳು, ಕಂಬಳಿ ಒಣಗೇ ಇತ್ತಾ?"

ನಾನು ಹೇಳಲಿಲ್ಲ. ನಿಮಗೂ ಹೇಳುವುದಿಲ್ಲ. ಮಾವನನ್ನು ಯಾರಾದರೂ ಕೇಳಿದರಾ?