ಎಡಗಾಲಿನ ಬಾವು

ಬಾಣಂತನದ ವಿಷಯದಲ್ಲಿ ನಮ್ಮ ಅಮ್ಮ ಯಾರ ಮಾತನ್ನೂ ಕೇಳುವವಳಲ್ಲ. ತಂಗಿ ಹುಸ್ನಾ ಸಿಜೇರಿಯನ್ ಆಗಿ ಕೂಸಿನೊಂದಿಗೆ ತಿಕೋಂಡಿಯ ನಮ್ಮ ಮನೆಗೆ ಬಂದಳು. ಚೆನ್ನಾಗಿ ನೀರು ಕುಡಿ, ಮೆಲ್ಲಗೆ ಓಡಾಡು ಎಂದು ಆಸ್ಪತ್ರೆಯವರು ಹೇಳಿದ್ದನ್ನು ಅಮ್ಮ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ನೀರು ಕುಡಿದರೆ ಹೊಟ್ಟೆ ಬರುತ್ತದಂತೆ, ನಡೆದರೆ ಹೊಲಿಗೆ ಬಿಚ್ಚುತ್ತದಂತೆ. ಕತ್ತಲೆ ಕೋಣೆ, ಹೊರಸಿನ ಕೆಳಗೆ ಕೆಂಡ. ನಲವತ್ತು ದಿನದ ಚಿಲ್ಲಾ ಮುಗಿಯುವವರೆಗೆ ಹೊಸ್ತಿಲು ದಾಟುವಂತಿಲ್ಲ. ಹಡೆದವಳೋ, ಜೈಲಿಗೆ ಬಿದ್ದವಳೋ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಹಿರಿಯಕ್ಕ ಅಲ್ಮಾಸ ಇದೇ ಕೋಣೆಯಲ್ಲಿ ಬಾಣಂತಿಯಾಗಿದ್ದಳು. ಒಂದು ದಿನ ಜಳಕಕ್ಕೆಂದು ಎದ್ದವಳು ಉಸಿರು ಸಿಗುತ್ತಿಲ್ಲ ಎಂದು ಕುಸಿದಳು, ಮತ್ತೆ ಏಳಲಿಲ್ಲ. ಗಾಳಿ ಬಡಿಯಿತು ಎಂದು ಎಲ್ಲರೂ ಕೈತೊಳೆದುಕೊಂಡರು. ನಾನಾಗ ಶಾಲೆಗೆ ಹೋಗುವ ಹುಡುಗಿ.

ಮೊನ್ನೆ ಹುಸ್ನಾ ಚೀರಿದ್ದು ಕೇಳಿ ಒಳಗೆ ಓಡಿದೆ. ಅವಳ ಎಡಗಾಲು ಗೆಜ್ಜೆ ಒಳಗಿಳಿಯುವಷ್ಟು ಬಾತಿತ್ತು, ಮುಟ್ಟಿದರೆ ಸುಡುತ್ತಿತ್ತು. ಅಮ್ಮ ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

"ಬಾಣಂತಿ ವಾತ ಐತಿ, ತಿಕ್ಕಿದ್ರ ಇಳೀತೈತಿ. ಆರು ಹಡದಾಕಿಗಿ ನೀ ಕಲಸ್ತಿ ಏನ, ಮಹಮುದಾ?"

ನಾನು ಆಸ್ಪತ್ರೆಗೆ ಫೋನ್ ಹಚ್ಚಿದೆ. ಮಾತು ಮುಗಿಯುವ ಮೊದಲೇ ನರ್ಸ್ ಕೂಗಿದರು: "ತಿಕ್ಕಬ್ಯಾಡ್ರಿ! ರಕ್ತ ಹೆಪ್ಪುಗಟ್ಟಿರಬಹುದು. ಲಗೂನ ಕರಕೊಂಡ ಬರ್ರಿ."

ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಚಿಲ್ಲಾದಾಗ ಹೊರಗ ಒಯ್ದ್ರ ಮಂದಿ ಏನಂತಾರ?"

"ಮಂದಿ ಬಂದು ಕೂಸಿಗಿ ಮೊಲಿ ಕೊಡ್ತಾರೇನ?"

ಎಣ್ಣೆಯ ಬಟ್ಟಲನ್ನು ಅಂಗಳಕ್ಕೆ ಎಸೆದೆ. ನನ್ನ ಗಂಡ ಅಸ್ಲಮ್ ಟೆಂಪೊ ತಂದ. ಹುಸ್ನಾಳನ್ನು ಹಾಸಿಗೆಸಮೇತ ಎತ್ತಿ ಮಲಗಿಸಿದೆವು. ಅಮ್ಮನೂ ಕೂಸನ್ನು ಎತ್ತಿಕೊಂಡು ಹತ್ತಿದಳು. ದಾರಿಯುದ್ದಕ್ಕೂ ಅವಳು ನನ್ನನ್ನು ಬೈದಳು, ನಾನು ಅವಳನ್ನು ಬೈದೆ.

ಸ್ಕ್ಯಾನ್ ನೋಡಿದ ಡಾಕ್ಟರಬಾಯಿ ಹೇಳಿದರು: ತೊಡೆಯ ರಕ್ತನಾಳದಲ್ಲಿ ರಕ್ತ ಗಡ್ಡೆಕಟ್ಟಿದೆ, ಅದರ ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ರಕ್ತ ತೆಳುಮಾಡುವ ಇಂಜೆಕ್ಷನ್ ಕೊಟ್ಟರು. ಉಳಿಯುತ್ತಾಳೆ ಎಂದ ಮೇಲೆ ನನಗೆ ಅಳು ಬಂತು. ಆಮೇಲೆ ಅವರು ಕೇಳಿದರು, "ನಿಮ್ಮ ಮನ್ಯಾಗ ಮದ್ಲ ಯಾರಿಗರೆ ಹಿಂಗ ಆಗಿತ್ತೇನ್ರಿ?"

"ಹಿರಿ ಮಗಳಿಗಿ ಗಾಳಿ ಬಡದಿತ್ರಿ," ಎಂದಳು ಅಮ್ಮ.

"ಆಕಿ ಕಾಲ ಬಾತಿತ್ತೇನ್ರಿ?"

ಅಮ್ಮ ಎಣ್ಣೆಗೈಯನ್ನು ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು. "ಬಾತಿತ್ರಿ. ಇದ ಎಡಗಾಲ. ನಾನ ತಿಕ್ಕಿದ್ದೆ."

ಅವಳಿಗೆಂದು ಇಟ್ಟುಕೊಂಡಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅಮ್ಮನ ದನಿ ಮಾತ್ರ ಏರಿತು.

"ಅವತ್ತೂ ದವಾಖಾನಿಗಿ ಒಯ್ದಿದ್ವಿರಿ. ಸತ್ತಾಳ, ಒಯ್ರಿ ಅಂದ್ರು. ಒಬ್ಬರೂ ಕಾಲ ನೋಡ್ಲಿಲ್ಲ, ಒಬ್ಬರೂ ಏನೂ ಕೇಳ್ಲಿಲ್ಲ. ನೀವು ಈಗ ಕೇಳಿದ್ದನ್ನ ಅವತ್ತ ಕೇಳಿದ್ರ, ಇಕಿ ಕಾಲಿಗಿ ಈ ಕೈ ಹಚ್ಚತಿದ್ನೇನ್ರಿ ನಾನು?"