ಆಸ್ಪ್‌ಲುಂಡರ ನಡತೆ ಪುಸ್ತಕ

ಸ್ವೀಡನ್ನಿನ ಟೋರ್ಸ್‌ಲಾಂಡದ ಪಕ್ಕದ ನಮ್ಮ ಹಳ್ಳಿಯ ಚರ್ಚಿನವರು ಆಸ್ಪ್‌ಲುಂಡ್ ಎಂಬ ಸಭಾಪಾಲಕರ ಹೆಸರಲ್ಲಿ ಒಂದು ಕಲ್ಲು ನೆಟ್ಟರು. ಸತ್ತು ನೂರಮೂವತ್ತು ವರ್ಷ ದಾಟಿದ ಮನುಷ್ಯ. ಬದುಕಿದ್ದಾಗ ಪ್ರತಿ ವರ್ಷ ಮನೆಮನೆಗೆ ಹೋಗಿ, ಯಜಮಾನನಿಂದ ಹಿಡಿದು ಕೊಟ್ಟಿಗೆಯ ಕೆಲಸದವಳ ತನಕ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಧರ್ಮದ ಪ್ರಶ್ನೋತ್ತರ ಓದಿಸಿ, ಯಾರ ಓದು ಹೇಗೆ, ಯಾರ ನಡತೆ ಹೇಗೆ ಎಂದು ದಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದರಂತೆ. ಊರು ಬಿಟ್ಟು ಹೋಗಬೇಕಾದರೂ ಅವರ ಪತ್ರ ಬೇಕಿತ್ತು. ಅಬ್ಬಬ್ಬಾ, ದೇವರಿಗೂ ಇಷ್ಟು ಪುರುಸೊತ್ತು ಇರಲಿಕ್ಕಿಲ್ಲ.

ಕಲ್ಲು ನೆಡುವ ಭಾನುವಾರ ವಲಸೆ ಬಂದವರ ಪರವಾಗಿ ಭಾಷಣ ಮಾಡಿದವರು ಮೆಲ್ವಿನ್. ಇಲ್ಲಿನ ಹನ್ನೊಂದು ಕರಾವಳಿ ಕುಟುಂಬಗಳ ಕನ್ನಡ ಪ್ರಾರ್ಥನಾ ಕೂಟಕ್ಕೆ ಅವರೇ ಕಾರ್ಯದರ್ಶಿ. ಊರ ಕಡೆಯ ಚರ್ಚುಗಳಿಂದ ಮದುವೆ ವಿಚಾರಣೆ ಬಂದರೆ ಹುಡುಗ ಹುಡುಗಿಯರ ಬಗ್ಗೆ ಉತ್ತರ ಬರೆಯುವುದೂ ಅವರೇ. ಯಾರು ನೇಮಿಸಿದರೋ ಗೊತ್ತಿಲ್ಲ, ಲೆಟರ್‌ಹೆಡ್ ಮಾತ್ರ ಉಂಟು. "ಆಸ್ಪ್‌ಲುಂಡರು ತಮ್ಮ ಮಂದೆಯ ಪ್ರತಿ ಮನೆಯ ಒಳಗನ್ನೂ ಬಲ್ಲ ಕುರುಬರು" ಎಂದು ಸ್ವೀಡಿಷ್‌ನಲ್ಲಿ ಹೇಳಿ, ಚಪ್ಪಾಳೆಗೆ ಕಾದು ನಿಂತರು. ನನಗೆ ಮೈ ಉರಿಯಿತು.

ಆಮೇಲೆ ನಮ್ಮ ಕೂಟದ ವೆನಿಸಾ ಎದ್ದಳು. ಕಾರಿನ ಕಾರ್ಖಾನೆಯಲ್ಲಿ ಇಂಜಿನಿಯರ್, ಹಳೆಯ ಕೈಬರಹ ಓದುವುದು ಅವಳ ಹುಚ್ಚು. ಆಸ್ಪ್‌ಲುಂಡರ ಪುಸ್ತಕದಿಂದ ಒಂದು ಪುಟ ಓದಲು ಚರ್ಚಿನವರು ಅವಳಿಗೇ ಹೇಳಿದ್ದರು. ಅವಳು ಆರಿಸಿದ್ದು ಕೈಸಾ ಎಂಬ ಹತ್ತೊಂಬತ್ತರ ಕೊಟ್ಟಿಗೆ ಕೆಲಸದವಳ ಪುಟ. "ಓದು ಉತ್ತಮ. ನಡತೆ ಸಂಶಯ, ನೆರೆಮನೆಯಾಕೆ ಹೇಳಿದಂತೆ." ಆ ಒಂದು ಸಾಲಿಗಾಗಿ ಕೈಸಾಳಿಗೆ ಪತ್ರ ಸಿಗಲಿಲ್ಲ, ಪೇಟೆಯ ಕೆಲಸ ತಪ್ಪಿತು. ಅದೇ ಕೊಟ್ಟಿಗೆಯಲ್ಲಿ ಮೂವತ್ತನಾಲ್ಕಕ್ಕೆ ಸತ್ತಳು.

ಮೆಲ್ವಿನ್ ಮುಖ ಹುಳ್ಳಗಾಯಿತು. ಬೇಕಿತ್ತು ಅವರಿಗೆ!

ಫಿಕಾ ಎಂಬ ಇಲ್ಲಿನ ಕಾಫಿ ಬಿಡುವಿನಲ್ಲಿ ಕಪ್ಪು, ಬನ್ ಹಿಡಿದು ನಿಂತಾಗ ನಾನು ವೆನಿಸಾಳ ಬೆನ್ನು ತಟ್ಟಿದೆ. "ಆ ಆಸ್ಪ್‌ಲುಂಡ್ ಮುದುಕನ ಮರ್ಯಾದೆ ತೆಗೆದೆಯಲ್ಲ ಮಗಾ, ಭಾರೀ ಖುಷಿ ಆಯ್ತು."

ಅವಳು ನಗಲಿಲ್ಲ. "ಇವತ್ತು ಉಡುಪಿ ಚರ್ಚಲ್ಲಿ ನನ್ನ ಹೆಸರು ಓದಲಿಲ್ಲ, ಲಿಲ್ಲಿಯನ್ ಆಂಟಿ."

ಉಡುಪಿಯ ಪ್ರಜ್ಞೇಶನ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಇಬ್ಬರ ಹೆಸರೂ ಓದಬೇಕು. ಮೊದಲನೆಯದು ಅವತ್ತೇ.

"ಈ ಮೆಲ್ವಿನ್ ಎಂತ ಗೀಚಿದ? ಇವತ್ತು ಅವನಿಗೆ ಗ್ರಹಚಾರ ಬಿಡಿಸ್ತೇನೆ."

ಅವಳು ಫೋನ್ ಕೊಟ್ಟಳು. ಪ್ರಜ್ಞೇಶ್ ಕಳಿಸಿದ್ದ ಮೆಲ್ವಿನ್ ಪತ್ರದ ಫೋಟೋದಲ್ಲಿ ಹೀಗಿತ್ತು: "ಹುಡುಗಿಯ ಮನೆಯಲ್ಲಿ ಪರಪುರುಷನೊಬ್ಬ ವಾಸವಿರುವುದಾಗಿ ನಮ್ಮ ಕೂಟದ ಹಿರಿಯ ಸದಸ್ಯೆ ಶ್ರೀಮತಿ ಲಿಲ್ಲಿಯನ್ ತಿಳಿಸಿರುತ್ತಾರೆ."

ನಾನೇ. ಹೋದ ತಿಂಗಳು ಮೆಲ್ವಿನ್ ಮನೆಯಲ್ಲಿ ಕೋರಿ ರೊಟ್ಟಿ ತಿನ್ನುತ್ತಾ ಹೇಳಿದ್ದು. ಇಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ, ಅದಕ್ಕೇ ಅವಳ ಎರಡನೆಯ ಕೋಣೆಯಲ್ಲಿ ಬೆಂಗಳೂರಿನ ವಿಶಾಲ್ ಇದ್ದಾನೆ, ಅವನ ಪಾಲಿನ ಬಾಡಿಗೆ ಅವನೇ ಕೊಡುತ್ತಾನೆ ಎಂಬುದೆಲ್ಲ ನನಗೆ ಗೊತ್ತಿತ್ತು. ಅಷ್ಟನ್ನೂ ಹೇಳಿದರೆ ಮಾತಿಗೆ ರುಚಿ ಎಲ್ಲಿ? "ಒಬ್ಬ ಹುಡುಗ ಇದ್ದಾನಪ್ಪ" ಎಂದು ಕಣ್ಣು ಮಿಟುಕಿಸಿದ್ದೆ. ಥೂ ನನ್ನ ಬಾಯಿಗಿಷ್ಟು!

"ಪ್ರಜ್ಞೇಶ್ ಎಂತ ಹೇಳ್ತಾನೆ?"

"ಅಯ್ಯನವ್ರಿಗೆ ಒಂದು ಕ್ಲಾರಿಫಿಕೇಶನ್ ಕೊಟ್ಬಿಡು ಅಂದ."

ಅಲ್ಲೇ, ಮೆಲ್ವಿನ್ ನೋಡುತ್ತಿದ್ದಂತೆಯೇ ಉಡುಪಿಯ ಸಭಾಪಾಲಕರಿಗೆ ನನ್ನ ಫೋನಿನಿಂದ ಕರೆ ಮಾಡಿದೆ, ಸ್ಪೀಕರ್ ಹಾಕಿ. "ಅಯ್ಯನವ್ರೇ, ತಪ್ಪು ನನ್ನದು. ನನ್ನ ನಾಲಿಗೆ ಸರಿ ಇಲ್ಲ. ಹುಡುಗಿ ಬಂಗಾರ" ಎಂದೆ. ಅಳು ಬಂದಿತ್ತು.

"ಆಯ್ತು ಲಿಲ್ಲಿಯಮ್ಮ, ಬೇಜಾರು ಮಾಡ್ಬೇಡಿ" ಎಂದರು ಅವರು, ಬಹಳ ಪ್ರೀತಿಯಿಂದ. ಕಾಗದ ಸರಿಸಿದ ಸದ್ದು ಕೇಳಿತು. "ಈಗ ಆ ಹುಡುಗ ಯಾರು, ಯಾವ ಜಾತಿ, ಎಷ್ಟು ಸಮಯದಿಂದ ಇದ್ದಾನೆ, ಹೇಳಿ. ಬರ್ಕೊಳ್ತೇನೆ."

ನನಗೆ ಎಲ್ಲವೂ ಗೊತ್ತಿತ್ತು. ಬಾಯಿ ತೆರೆದೂ ಬಿಟ್ಟಿದ್ದೆ.

ವೆನಿಸಾ ಫೋನ್ ಕಿತ್ತುಕೊಂಡಳು. "ಬರ್ಕೊಳ್ಳಿ ಅಯ್ಯನವ್ರೇ. ವೆನಿಸಾಗೆ ಈ ಮದುವೆ ಬೇಡ."

ಫೋನನ್ನು ನನ್ನ ಕೈಗಿಟ್ಟಳು, ಮುಖ ನೋಡಲಿಲ್ಲ.