ಹೆಸರೆತ್ತಬಾರದ ಹೆಂಗಸು

ಸೆಪ್ಟೆಂಬರ್ ಬಂದಿತ್ತು, ಆ ಸೀಮೆಯಲ್ಲಿ ವಸಂತದ ತಿಂಗಳು. ಲಪಾಚೊ ಮರಗಳು ಹೂಬಿಟ್ಟು ವಿಶ್ವವಿದ್ಯಾಲಯದ ಬೀದಿಯೆಲ್ಲ ಗುಲಾಬಿಯಾಗಿತ್ತು. ಲಿಸಾಂದ್ರೊ ವಿದ್ಯಾರ್ಥಿ ರೇಡಿಯೊದಲ್ಲಿ ಬೆಳಗಿನ ಹರಟೆ ಮುಗಿಸಿ ಇಳಿದು ಬರುತ್ತಿದ್ದ. ಎದುರಿನಿಂದ ಮೂವರು ಹುಡುಗಿಯರು ನಗುತ್ತಾ ಬಂದರು. ಮೂಲೆಯ ಜೆರಾಕ್ಸ್ ಅಂಗಡಿ ದಾಟುವಾಗ ಅವರ ಮಾತೂ ನಿಲ್ಲಲಿಲ್ಲ, ನಗುವೂ ನಿಲ್ಲಲಿಲ್ಲ. ಆದರೆ ಮೂವರ ಎಡಗೈಗಳೂ ಒಟ್ಟಿಗೇ ಎದ್ದು ಎಡ ಎದೆಯ ಮೇಲೆ ಕುಳಿತವು, ಅಂಗಡಿ ದಾಟಿದ ಮೇಲೆ ಒಟ್ಟಿಗೇ ಇಳಿದವು. ಲಿಸಾಂದ್ರೊ ನಿಂತು ನೋಡಿದ. ಆ ಕೈಗಳನ್ನು ಎತ್ತಿಸಿದವನು ಅವನೇ.

ಆಗಸ್ಟಿನಲ್ಲಿ ಪರೀಕ್ಷೆಯ ಫಲಿತಾಂಶ ಬಂದ ದಿನ ಮೈಕಿನ ಮುಂದೆ ಅವನಿಗೆ ಮಾತೇ ತೋಚಿರಲಿಲ್ಲ. ತೋಚದಿದ್ದಾಗ ಯಾರನ್ನಾದರೂ ಎಳೆದು ತರುವುದು ಅವನ ಚಾಳಿ. “ಫೇಲಾದೋರೆಲ್ಲ ಎಲ್ಲಿ ನೋಟ್ಸ್ ಜೆರಾಕ್ಸ್ ಮಾಡಿಸಿದ್ರಿ? ದೋನ್ಯಾ ಎತೆಲ್ವಿನಾ ಹತ್ರ ತಾನೆ? ಆಯಮ್ಮ ಮೂಫಾ ಕಣ್ರಪ್ಪೋ!” ಎಂದುಬಿಟ್ಟ. ದೋನ್ಯಾ ಎಂದರೆ ಅಮ್ಮಾವ್ರು ಎನ್ನುವ ಗೌರವದ ಮಾತು, ಮೂಫಾ ಎಂದರೆ ಕಾಲಿಟ್ಟಲ್ಲಿ ಕೇಡು ತರುವವರು. ಅಂಥವರ ಹೆಸರು ಕಿವಿಗೆ ಬಿದ್ದರೆ, ಕೇಡು ತಟ್ಟದಿರಲೆಂದು, ಗಂಡಸರು ಎಡಗೈ ಜೇಬಿಗಿಳಿಸುತ್ತಾರೆ, ಹೆಂಗಸರು ಎಡ ಎದೆ ಮುಟ್ಟಿಕೊಳ್ಳುತ್ತಾರೆ. ಅಜ್ಜ ಮುತ್ತಜ್ಜಂದಿರಿಂದ ಬಂದ ರೂಢಿ. ಎಲುಬಿಲ್ಲದ ನಾಲಿಗೆ ಒಮ್ಮೆ ಹೊರಳಿತು, ಕೇಳಿದವರೆಲ್ಲ ನಕ್ಕರು.

ಆ ಸಂಜೆಯೇ ಫುಟ್‌ಬಾಲ್ ಮೈದಾನದಲ್ಲಿ ದೀಪಗಳು ಆರಿದವು. “ಆಯಮ್ಮ ಈಗ ತಾನೇ ಈ ಕಡೆ ಹಾದುಹೋದ್ಲು” ಎಂದರು ಯಾರೋ. ಆಮೇಲೆ ಒಬ್ಬನ ಸ್ಕೂಟರ್ ಜಾರಿತು. ಅಲ್ಲಿಂದ ಊರಿಗೆ ಊರೇ ಅವಳ ಹೆಸರನ್ನು ನುಂಗಿಬಿಟ್ಟಿತು.

“ನೀವೆಲ್ಲ ನಿಜವಾಗ್ಲೂ ನಂಬ್ತೀರೇನೋ?” ಎಂದು ಲಿಸಾಂದ್ರೊ ಗೆಳೆಯ ಗೋಯೊನನ್ನು ಕೇಳಿದ.

“ನಂಬೋದಾ? ನಾವೇನು ಹಳ್ಳಿ ಮುದುಕೀರಾ?” ಗೋಯೊ ನಕ್ಕ. “ಆದ್ರೆ ನೋಡು, ಪರೀಕ್ಷೆ ಮುಂದಿದೆ. ಕೈ ಜೇಬಲ್ಲಿಟ್ರೆ ನನ್ನ ಗಂಟೇನು ಹೋಗತ್ತೆ?”

“ಅವಳ ಅಂಗಡಿ ಹೋಗತ್ತಲ್ಲೋ.”

“ಶುರು ಮಾಡಿದ್ದು ನೀನು ಮಾರಾಯ. ಈಗ ನಮಗೆ ಪಾಠ ಹೇಳ್ಬೇಡ.”

ಆ ಮಾತು ಚುಚ್ಚಿತು. ಲಿಸಾಂದ್ರೊ ನೇರ ಅಂಗಡಿಗೆ ಹೋದ.

ಒಳಗೆ ಯಂತ್ರ ಓಡುತ್ತಿತ್ತು. ಗಿರಾಕಿಯಿಲ್ಲ, ಗಾಜಿನ ಮೇಲೆ ಪುಸ್ತಕವಿಲ್ಲ. ಹಸಿರು ಬೆಳಕು ಮಾತ್ರ ಆ ಕಡೆಯಿಂದ ಈ ಕಡೆಗೆ ಹರಿದಾಡುತ್ತಿತ್ತು. ಗೋಡೆಯ ತುಂಬ ಹಾಳೆಗಳು. ಪ್ರತಿ ಹಾಳೆಯಲ್ಲೂ ಒಂದೇ ಹಸ್ತ, ಒಂದೇ ಉಂಗುರ.

“ಬಾಪ್ಪಾ, ರೇಡಿಯೊ ಹುಡುಗ,” ಎಂದಳು ಎತೆಲ್ವಿನಾ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಇವೆಲ್ಲ ಏನು?”

“ನನ್ನ ಕೈ. ಬ್ರೆಡ್ ಅಂಗಡಿಯವನು ಎಲ್ಲರ ಹೆಸರೂ ಕೂಗ್ತಾನೆ, ನನ್ನ ಸರದಿ ಬಂದ್ರೆ ಸುಮ್ನೆ ಪೊಟ್ಟಣ ಇಟ್ಟು ಹಿಂದೆ ಸರೀತಾನೆ. ಹಿಂಗೇ ದಿನ ಹೋದ್ರೆ ನಾನು ಇದೀನೋ ಇಲ್ವೋ ಅಂತ ನನಗೇ ಅನುಮಾನ. ಅದಕ್ಕೆ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಗಾಜಿನ ಮೇಲೆ ಕೈ ಇಡ್ತೀನಿ. ಹಾಳೇಲಿ ಬಂತು ಅಂದ್ರೆ, ಸರಿ, ಇದೀನಿ.” ಅವಳು ಕೊನೆಯ ಹಾಳೆಯ ಕಡೆ ಬೆರಳು ತೋರಿಸಿದಳು. “ಇವತ್ತಿಂದು ಸ್ವಲ್ಪ ಮಸುಕಾಗಿದೆ, ಅಲ್ವಾ?”

ಮಸುಕಾಗಿತ್ತು. ಸಾಲಿನಿಂದ ಸಾಲಿಗೆ ಆ ಹಸ್ತ ಮಾಸುತ್ತಾ ಬಂದಿತ್ತು. ಕೊನೆಯದರಲ್ಲಿ ಉಂಗುರವಷ್ಟೇ ಸ್ಪಷ್ಟವಾಗಿ ಉಳಿದಿತ್ತು.

“ಮಸಿ ಮುಗಿದಿರ್ಬೇಕು,” ಎಂದ ಲಿಸಾಂದ್ರೊ.

“ಹೂಂ, ಮಸಿಯೇ ಇರ್ಬೇಕು. ವಸಂತದ ಹಬ್ಬ ಕಳೀಲಿ, ಬಾಗಿಲು ಹಾಕಿ ಊರು ಬಿಡ್ತೀನಿ.” ಅವಳು ಯೆರ್ಬಾ ಎಲೆಯ ಕಷಾಯ ತುಂಬಿ ಕೊಳವೆಯಿಟ್ಟ ಸೋರೆಬುರುಡೆಯನ್ನು ಅವನ ಮುಂದೆ ಹಿಡಿದಳು. ತೆಗೆದುಕೊಳ್ಳಲು ಹೋದಾಗ ಅವನಿಗೆ ತಿಳಿಯಿತು, ತನ್ನ ಎಡಗೈ ಜೇಬಿನೊಳಗಿದೆ. ಯಾವಾಗ ಹೋಯಿತೋ! ಕ್ಷಮಿಸಿ ಎನ್ನಲು ಬಾಯಿ ತೆರೆದ. ಅವಳ ಹೆಸರು ನಾಲಿಗೆಯ ತನಕ ಬಂದು ಅಲ್ಲೇ ಕಚ್ಚಿಕೊಂಡಿತು. ಕಷಾಯ ಮುಟ್ಟದೆ ಹೊರಗೆ ಓಡಿಬಂದ.

ವಸಂತದ ಮೊದಲ ದಿನ, ವಿದ್ಯಾರ್ಥಿಗಳ ಹಬ್ಬ. ಉದ್ಯಾನದ ಹುಲ್ಲಿನ ಮೇಲೆ ಊರಿನ ಯುವಜನವೆಲ್ಲ ಗಿಟಾರು, ಎಂಪನಾಡ ಕಡುಬಿನ ಬುಟ್ಟಿ ಹಿಡಿದು ಹರಡಿಕೊಂಡಿತ್ತು. ಮೈಕು ಎಂದಿನಂತೆ ಲಿಸಾಂದ್ರೊನದೇ. ಎರಡು ತಮಾಷೆ ಮಾಡಿದ, ಜನ ನಕ್ಕರು. ಆಮೇಲೆ ಕಣ್ಣುಮುಚ್ಚಿ ಹೇಳಿದ: “ಎತೆಲ್ವಿನಾ ಬುಸ್ತಮಾಂತೆ.”

ಗಿಟಾರುಗಳು ನಿಂತವು. ಹುಲ್ಲಿನ ಉದ್ದಕ್ಕೂ ಸಾವಿರಾರು ಕೈಗಳು ಸದ್ದಿಲ್ಲದೆ ಎದೆಗೆ ಏರಿದವು, ಜೇಬಿಗೆ ಇಳಿದವು. ಅದೇ ಹೊತ್ತಿಗೆ ಧ್ವನಿವರ್ಧಕ ಕೀರೆಂದು ಕಿರುಚಿ ಸತ್ತಿತು.

ಲಿಸಾಂದ್ರೊ ಮೈಕು ಕೆಳಗಿಟ್ಟ. ಬರಿಗಂಟಲಿನಲ್ಲೇ ಮತ್ತೆ ಕೂಗಿದ: “ಎತೆಲ್ವಿನಾ ಬುಸ್ತಮಾಂತೆ! ಆಯಮ್ಮ ಯಾರಿಗೂ ಕೆಟ್ಟದ್ದು ಮಾಡಿಲ್ಲ. ನನಗೆ ಮಾತು ಸಿಗದೆ ಬಾಯಿಗೆ ಬಂದದ್ದು ಒದರಿದೆ. ಅವಳ ಅನ್ನ ಕಿತ್ಕೊಂಡೆ.”

ಪಕ್ಕದಲ್ಲಿದ್ದ ಗೋಯೊ ಎರಡು ಹೆಜ್ಜೆ ಹಿಂದೆ ಸರಿದ. “ಮುಗೀತು ಬಿಡು ನಿನ್ನ ಕಥೆ,” ಎಂದ. ಅವನ ಕೈ ಜೇಬಿನಲ್ಲಿತ್ತು, ಕಣ್ಣು ಲಿಸಾಂದ್ರೊನ ಮೇಲಿತ್ತು.

ಆಮೇಲೆ ಬೆಳಗಿನ ಹರಟೆ ಬೇರೆಯವರ ಪಾಲಾಯಿತು. ತರಗತಿಯಲ್ಲಿ ಅವನ ಅಕ್ಕಪಕ್ಕದ ಕುರ್ಚಿಗಳು ಖಾಲಿ ಉಳಿದವು. ಯಾರ ಬಾಯಲ್ಲೂ ಅವನ ಹೆಸರಿಲ್ಲ. ಕನ್ನಡಿ ನೋಡುವಾಗ ಒಂದು ಕ್ಷಣ ತಡೆದು ನೋಡುವುದು ಅಭ್ಯಾಸವಾಯಿತು. ತಾನು ಇದೀನೋ ಇಲ್ವೋ ಎಂದು ಎತೆಲ್ವಿನಾ ಹೇಳಿದ್ದು ಆಗ ಅವನಿಗೆ ನಿಜಕ್ಕೂ ಅರ್ಥವಾಯಿತು.

ಅವನು ಅಂಗಡಿಗೆ ಹೋಗಿ ಬಾಗಿಲಲ್ಲಿ ನಿಂತ. ಹೊರಗೆ ಗಾಳಿ ಎದ್ದಿತ್ತು. ಎತೆಲ್ವಿನಾ ಅರ್ಧ ಕಟ್ಟಿದ ಪೆಟ್ಟಿಗೆಯಿಂದ ತಲೆಯೆತ್ತಿದಳು. “ಲಿಸಾಂದ್ರೊ, ಬಾಗಿಲು ಹಾಕೋ, ಹಾಳೆಗಳು ಹಾರ್ತಾ ಇವೆ.”

ತನ್ನ ಹೆಸರು ಕೇಳಿ ಅವನಿಗೆ ಅಳು ಬಂತು. ಅವಳು ಕಷಾಯದ ಬುರುಡೆ ಮುಂದೆ ಹಿಡಿದಳು. ಈ ಸಲ ಎರಡೂ ಕೈಚಾಚಿ ಇಸಿದುಕೊಂಡು, ಅವಳು ಹೀರಿದ ಕೊಳವೆಯಲ್ಲೇ ಹೀರಿದ. ದಿನವೂ ಬಂದು ಹಾಳೆ ಜೋಡಿಸಲು ಕೂತ. ಪೆಟ್ಟಿಗೆ ಅರ್ಧ ಕಟ್ಟಿದ ಹಾಗೇ ಉಳಿಯಿತು.

ಒಂದು ಮಧ್ಯಾಹ್ನ ಮೊದಲ ವರ್ಷದ ಹುಡುಗಿಯೊಬ್ಬಳು ಹೊಸ್ತಿಲಲ್ಲಿ ನಿಂತಳು. ಎಡಗೈ ಎದೆಯ ಮೇಲಿತ್ತು. “ಅಂಗರಚನೆ ಪುಸ್ತಕ. ಪೂರ್ತಿ ಜೆರಾಕ್ಸ್ ಬೇಕು,” ಎಂದು ಬಲಗೈಯಲ್ಲಿ ಪುಸ್ತಕ ನೀಡಿದಳು. ಎತೆಲ್ವಿನಾ ಏನೂ ಕೇಳದೆ ಮಾಡಿಕೊಟ್ಟಳು. ಹಾಳೆಯ ಕಟ್ಟು ದಪ್ಪಗಿತ್ತು, ಬಿಸಿಯಾಗಿತ್ತು. ಹುಡುಗಿ ಒಂದೇ ಕೈಯಲ್ಲಿ ಎತ್ತಲು ನೋಡಿದಳು, ಕಟ್ಟು ಜಾರಿತು. ಒಂದು ಗಳಿಗೆ ಹಿಂದುಮುಂದು ನೋಡಿದಳು. ಆಮೇಲೆ ಎಡಗೈಯನ್ನು ಎದೆಯಿಂದ ತೆಗೆದು, ಎರಡೂ ತೋಳುಗಳಲ್ಲಿ ಅದನ್ನು ಎತ್ತಿಕೊಂಡಳು.

“ಬರ್ತೀನಿ, ದೋನ್ಯಾ ಎತೆಲ್ವಿನಾ,” ಎಂದಳು.